ಖಾಲಿ ಬೆಂಚಿನಿಂದ ಆರಂಭಿಸಿ: ಸಭೆಯೊಳಗೆ ಕ್ರಿಸ್ತನ ಪ್ರೀತಿಯನ್ನು ನಡೆದು ತೋರಿಸುವ ಬಗೆ

ನಾನು ನಮ್ಮ ಚರ್ಚಿನಲ್ಲಿ ಸಭಾ ಹಿರಿಯನಾಗಿ ಆಯ್ಕೆಯಾದ ಮೊದಲ ವರ್ಷದಲ್ಲಿ, ಮಂಡಿನೋವಿನಿಂದ ಆರಾಧನೆಗೆ ಬರುವುದನ್ನು ನಿಲ್ಲಿಸಿದ್ದ ವಿಧವೆ ಅಜ್ಜಿಯೊಬ್ಬರ ಮನೆಗೆ ಹೆಂಡತಿಯೊಂದಿಗೆ ಹೋಗಿದ್ದೆ. ಕಿಟಕಿಯ ಪಕ್ಕದ ಮೂರನೆಯ ಬೆಂಚಿನ ತುದಿ ಅವರ ಜಾಗವಾಗಿತ್ತು. "ಬಾರಪ್ಪಾ, ಒಳಗ ಬಾ" ಎಂದು ಕರೆದು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಟ್ರಂಕಿನ ಮೇಲಿದ್ದ ಸತ್ಯವೇದವನ್ನು ಎತ್ತಿ ಅದರ ಕೆಳಗಿದ್ದ ಕಾಣಿಕೆಯ ಲಕೋಟೆಗಳನ್ನು ನನ್ನ ಕೈಗಿತ್ತರು. ಹನ್ನೊಂದು ಲಕೋಟೆಗಳಿದ್ದವು. ಪ್ರತಿಯೊಂದರ ಮೇಲೂ ಪಕ್ಕದ ಮನೆಯ ಹುಡುಗನಿಂದ ಬರೆಸಿದ ಭಾನುವಾರದ ತಾರೀಖು, ಒಳಗೆ ಹತ್ತು ರೂಪಾಯಿಯ ಒಂದೊಂದು ನೋಟು. "ಬರಾಕ ಆಗಲಿಲ್ಲ, ಆದರ ಕರ್ತಂದು ಕರ್ತಗ ಮುಟ್ಟಬೇಕಲ್ಲಪ್ಪಾ" ಎಂದರು. ಹನ್ನೊಂದು ವಾರ ಅವರು ಸಭೆಯನ್ನು ನೆನೆದಿದ್ದರು; ಆ ಹನ್ನೊಂದು ವಾರವೂ ಸಭೆ ಅವರನ್ನು ನೆನೆದಿರಲಿಲ್ಲ.

ಅವರನ್ನು ಯಾರೂ ಬೇಕೆಂದು ಕಡೆಗಣಿಸಿರಲಿಲ್ಲ. ಎದುರಿಗೆ ಸಿಕ್ಕಾಗ ಎಲ್ಲರೂ ಕೈಹಿಡಿದು ಮಾತನಾಡಿಸುತ್ತಿದ್ದರು, ಎಲ್ಲರಿಗೂ ಅವರ ಮೇಲೆ ಅಕ್ಕರೆಯಿತ್ತು. ಆದರೆ ಅವರು ಬಾರದಿದ್ದಾಗ ಹೋಗಿ ವಿಚಾರಿಸುವುದು ಇಂಥವರ ಕೆಲಸ ಎಂದು ಯಾರ ಹೆಸರೂ ನಿಗದಿಯಾಗಿರಲಿಲ್ಲ. ಸಭೆಯೊಳಗಿನ ಪ್ರೀತಿಯನ್ನು ಮನಸ್ಸಿಗೆ ತೋಚಿದಾಗ ಮಾಡುವ ಸಂಗತಿಯಾಗಿ ಬಿಟ್ಟರೆ ಅದು ನಮಗೆ ಈಗಾಗಲೇ ಹತ್ತಿರದವರಾದವರ ಕಡೆಗೇ ಹರಿಯುತ್ತದೆ, ಎಲ್ಲರ ಬಾಗಿಲಿಗೂ ತಲುಪಬೇಕಾದರೆ ದಿನ, ಹೆಸರು, ಹೊಣೆ ಗೊತ್ತುಮಾಡಿಕೊಂಡು ಅದನ್ನು ಕೆಲಸವಾಗಿ ಮಾಡಬೇಕು ಎಂಬುದು ಅಂದು ನನಗೆ ಮನವರಿಕೆಯಾಯಿತು. ಈ ಬರಹದಲ್ಲಿ ಹೇಳುವುದೆಲ್ಲವೂ ಆ ಒಂದು ಮನವರಿಕೆಯಿಂದ ಹುಟ್ಟಿದ್ದು.

ಇದು ಹೊಸ ವಿಚಾರವೇನೂ ಅಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯೊಳಗೆ ಇದೇ ದೂರು ಎದ್ದಿತು. ಪ್ರತಿದಿನದ ಆಹಾರ ಹಂಚಿಕೆಯಲ್ಲಿ ತಮ್ಮ ಕಡೆಯ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂದು ಗ್ರೀಕ್ ಮಾತನಾಡುವ ಯೆಹೂದ್ಯರು ಗುಣುಗುಟ್ಟಿದರು. ಅಪೊಸ್ತಲರು ಆ ಜನರನ್ನು ಗದರಿಸಲಿಲ್ಲ, ಪ್ರೀತಿಯ ಮೇಲೆ ಇನ್ನೊಂದು ಪ್ರಸಂಗವನ್ನೂ ಮಾಡಲಿಲ್ಲ. ಏಳು ಮಂದಿಯನ್ನು ಆರಿಸಿ ಈ ಕೆಲಸಕ್ಕೆ ನೇಮಿಸಿರಿ ಎಂದರು. ಆಯ್ಕೆಯಾದವರ ಹೆಸರುಗಳನ್ನು ನಿಧಾನವಾಗಿ ಓದಿರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಯಾವ ಕಡೆಯಿಂದ ಬಂದಿತ್ತೋ ಆ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತೆ ಇದು ಕಾಣುತ್ತದೆ. ನಿಮ್ಮ ಸಭೆಯಲ್ಲಿ ಯಾವ ಗುಂಪಿನವರು ತಾವು ಬಿಟ್ಟುಹೋಗಿದ್ದೇವೆಂದು ನೊಂದಿದ್ದಾರೋ ಅವರಿಗೆ ಸಹಾಯ ಮಾಡುವ ಸಮಿತಿಯಲ್ಲಿ ಅವರೇ ಇರಬೇಕು ಎಂಬ ಪಾಠವನ್ನು ನಾನು ಇದರಿಂದ ಕಲಿತೆ.

ಯಾರು ಬಂದಿಲ್ಲ ಎಂದು ನೋಡುವುದು

ಭಾನುವಾರ ನಾವು ಸಾಮಾನ್ಯವಾಗಿ ಬಂದವರನ್ನು ನೋಡುತ್ತೇವೆ. ಪ್ರೀತಿಯ ಮೊದಲ ಅಭ್ಯಾಸವೆಂದರೆ ಬಾರದವರನ್ನು ನೋಡುವುದು. ರೋಮಾಪುರದಲ್ಲಿದ್ದ ಹುತಾತ್ಮ ಜಸ್ಟಿನನು ಸುಮಾರು ಕ್ರಿ.ಶ. 155ರಲ್ಲಿ ಅಂದಿನ ಭಾನುವಾರದ ಆರಾಧನೆಯನ್ನು ವರ್ಣಿಸುತ್ತ, ರೊಟ್ಟಿ ಮತ್ತು ಪಾನವನ್ನು ನೆರೆದವರು ಹಂಚಿಕೊಂಡ ಮೇಲೆ ಬಾರದವರ ಪಾಲನ್ನು ಸಭಾಸೇವಕರು ಅವರ ಮನೆಗಳಿಗೆ ಒಯ್ಯುತ್ತಿದ್ದರೆಂದು ಬರೆದಿದ್ದಾನೆ. ಬಾರದವನಿಗೂ ಒಂದು ಪಾಲು ಇತ್ತು, ಅದನ್ನು ಹೊತ್ತೊಯ್ಯಲು ಒಬ್ಬ ಮನುಷ್ಯನೂ ಇದ್ದ.

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು, ಏಕೆಂದರೆ ಹಳೇ ಮೈಸೂರು ಸೀಮೆಯ ಅನೇಕ ಸಭೆಗಳು ವೆಸ್ಲಿಯನ್ ಮಿಷನ್ನಿನ ಸೇವೆಯಿಂದ ಹುಟ್ಟಿದವು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯವರ ಜನರು ಪ್ರಾರ್ಥನಾ ಮಂದಿರದ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದಾಗ, ಅಷ್ಟು ಕೊಡಲಾರದ ಬಡವರೂ ಇದ್ದಾರೆಂದು ಮತ್ತೊಬ್ಬರು ಹೇಳಿದರು. ಹಾಗಾದರೆ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿರಿ, ಅವರ ಮನೆಗೆ ವಾರವಾರ ನಾನೇ ಹೋಗುತ್ತೇನೆ, ಅವರಿಂದ ಆಗದಿದ್ದರೆ ನಾನೇ ತುಂಬುತ್ತೇನೆ ಎಂದು ಮೊದಲಿನವರು ಉತ್ತರಿಸಿದರು. ಹಣಕ್ಕಾಗಿ ಮನೆಮನೆಗೆ ಹೋದವರು ಯಾವ ಮನೆಯಲ್ಲಿ ಜಗಳವಿದೆ, ಯಾವ ಮನೆಯಲ್ಲಿ ಕಾಯಿಲೆಯಿದೆ ಎಂಬುದನ್ನೆಲ್ಲ ಕಂಡುಬಂದರು. ಮೆಥಡಿಸ್ಟರ ಹನ್ನೆರಡು ಜನರ ವರ್ಗಕೂಟಗಳು ಬೆಳೆದದ್ದು ಹೀಗೆ. ಮಂಗಳೂರಿನ ಕಡೆಯ ಕಥೋಲಿಕ ಚರ್ಚುಗಳಲ್ಲಿ ವಾಳೆಗೊಬ್ಬ, ಅಂದರೆ ಚರ್ಚಿನ ಪ್ರತಿಯೊಂದು ವಾರ್ಡಿಗೊಬ್ಬ, ಗುರಿಕಾರರಿರುವುದರ ಹಿಂದೆಯೂ ಇಂಥದೇ ತಿಳಿವಳಿಕೆಯಿದೆ.

ನಿಮ್ಮ ಸಭೆಯಲ್ಲಿ ಇದನ್ನು ಆರಂಭಿಸಲು ಸಭಾಪಾಲಕರ ಒಪ್ಪಿಗೆ, ಒಂದು ನೋಟ್‌ಬುಕ್ ಮತ್ತು ಹೋಗಿಬರುವ ಮನಸ್ಸುಳ್ಳ ಕೆಲವರು ಸಾಕು. ಸದಸ್ಯರ ಮನೆಗಳನ್ನು ಬಡಾವಣೆಯ ಪ್ರಕಾರ ಹತ್ತು ಹನ್ನೆರಡರ ಗುಂಪುಗಳಾಗಿ ವಿಂಗಡಿಸಿ ಪ್ರತಿಯೊಂದು ಗುಂಪಿಗೂ ಇಬ್ಬರನ್ನು, ಸಾಧ್ಯವಾದರೆ ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸನ್ನು, ಗೊತ್ತುಮಾಡಿರಿ. ಒಂದು ಭಾನುವಾರ ಬಾರದಿದ್ದರೆ ಫೋನ್ ಮಾಡಬೇಕು, ಎರಡು ಭಾನುವಾರ ಬಾರದಿದ್ದರೆ ಮನೆಗೆ ಹೋಗಬೇಕು ಎಂಬ ಒಂದೇ ನಿಯಮವಿರಲಿ. ಫೋನಿನಲ್ಲಿ "ಯಾಕೆ ಬರಲಿಲ್ಲ?" ಎಂದು ಕೇಳಿದರೆ ಅದು ಹಾಜರಿ ತೆಗೆದುಕೊಂಡಂತೆ ಕೇಳಿಸುತ್ತದೆ, "ನಿಮ್ಮನ್ನು ಕಾಣಲಿಲ್ಲ, ಹೇಗಿದ್ದೀರಿ?" ಎಂದರೆ ಅವರು ತಾವಾಗಿಯೇ ಹೇಳುತ್ತಾರೆ. ನಡೆಯಲಾರದವರನ್ನು ಕರೆತರಲು ಕಾರು ಇರುವ ಕುಟುಂಬಗಳು ಸರದಿಯಂತೆ ಒಪ್ಪಿಕೊಳ್ಳಲಿ, ಯಾರಿಗೂ ಆಗದ ವಾರ ಆಟೋ ಬಾಡಿಗೆಯನ್ನು ಸಭೆಯೇ ಕೊಡಲಿ. ನಮ್ಮ ಅಜ್ಜಿಗೆ ಬೇಕಾಗಿದ್ದದ್ದು ಇಷ್ಟೇ. ಮೆಟ್ಟಿಲ ಬದಿಗೆ ಒಂದು ಕಬ್ಬಿಣದ ಕಂಬಿ ಹಾಕಿಸಿದ ಮೇಲೆ ಅವರು ಮತ್ತೆ ಮೂರನೆಯ ಬೆಂಚಿಗೆ ಬಂದರು.

ಹೊಸಬರು, ಬೆಂಚುಗಳು, ಊಟದ ಸಾಲು

ಹೊಸ ಕುಟುಂಬವೊಂದು ಮೊದಲ ಸಲ ಬಂದಾಗ ನಾವು ಕೇಳುವ ಪ್ರಶ್ನೆಗಳನ್ನು ಸ್ವಲ್ಪ ಪರೀಕ್ಷಿಸಿಕೊಳ್ಳಬೇಕು. "ಯಾವ ಊರು?" ಎಂಬ ಪ್ರಶ್ನೆಯಲ್ಲಿ ದೋಷವಿಲ್ಲ. ಆದರೆ ಅದರ ಹಿಂದೆಯೇ "ಅಲ್ಲಿ ಯಾವ ಕೇರಿ? ನಿಮ್ಮ ತಾತನ ಹೆಸರೇನು? ನೀವು ಯಾವ ಕಡೆಯವರು?" ಎಂದು ಒಂದೊಂದಾಗಿ ಕೇಳುತ್ತ ಹೋಗುವುದು ಜಾತಿಯನ್ನು ತಿಳಿಯುವ ಸುತ್ತುದಾರಿಯೆಂಬುದು ಕೇಳುವವರಿಗೂ ಗೊತ್ತು, ಉತ್ತರ ಕೊಡುವವರಿಗೂ ಗೊತ್ತು. ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲ ಎಂದು ಪ್ರಸಂಗಪೀಠದಿಂದ ಓದಿದ ಗಂಟೆಯೊಳಗೆ, ಚಹಾದ ಲೋಟ ಹಿಡಿದು ನಿಂತ ದಲಿತ ಕುಟುಂಬವೊಂದಕ್ಕೆ ಈ ಪ್ರಶ್ನೆ ಎದುರಾದರೆ ಆ ವಾಕ್ಯದ ಓದೇ ಅವರಿಗೆ ಸುಳ್ಳಾಗಿ ಕೇಳಿಸುತ್ತದೆ. ಮದುವೆ ಮಾತುಕತೆಯಲ್ಲಿ ಜಾತಿ ಇನ್ನೂ ನಮ್ಮ ಸಭೆಗಳೊಳಗೆ ಉಸಿರಾಡುತ್ತಿದೆ ಎಂಬುದನ್ನು ಮುಚ್ಚಿಟ್ಟು ಪ್ರೀತಿಯ ಕುರಿತು ಬರೆಯುವುದು ನನ್ನಿಂದ ಆಗದು. ಹೊಸಬರನ್ನು ಕೇಳಬಹುದಾದ ಒಳ್ಳೆಯ ಪ್ರಶ್ನೆಗಳು ಬೇರೆ ಇವೆ: ಎಲ್ಲಿ ಮನೆ ಮಾಡಿದ್ದೀರಿ, ಮಕ್ಕಳನ್ನು ಯಾವ ಶಾಲೆಗೆ ಸೇರಿಸಿದಿರಿ, ಇಲ್ಲಿಗೆ ಬರಲು ಬಸ್ಸು ಸಿಗುತ್ತದೆಯೇ, ಮುಂದಿನ ಭಾನುವಾರ ನಮ್ಮ ಜೊತೆ ಕೂಡುವಿರಾ?

ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನವನ್ನೂ ಮಾಸಿದ ಬಟ್ಟೆಯವನಿಗೆ ಕಾಲ ಬಳಿಯ ಜಾಗವನ್ನೂ ತೋರಿಸುವ ಸಭೆಯನ್ನು ಕಟುವಾಗಿ ಖಂಡಿಸುತ್ತಾನೆ. ನಮ್ಮಲ್ಲಿ ಯಾರೂ ಬಾಯಿಬಿಟ್ಟು "ಅಲ್ಲಿ ಕೂಡು" ಎನ್ನುವುದಿಲ್ಲ; ಆದರೆ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕುಳಿತು ಅದು ತಮ್ಮ ಮನೆತನದ್ದೆಂಬಂತೆ ನಡೆದುಕೊಂಡರೆ ಹೊಸಬರು ತಾವಾಗಿಯೇ ಬಾಗಿಲ ಬಳಿ ನಿಲ್ಲುತ್ತಾರೆ. ತಿಂಗಳಲ್ಲಿ ಒಂದು ಭಾನುವಾರ ನಿಮ್ಮ ಜಾಗ ಬಿಟ್ಟು ಒಂಟಿಯಾಗಿ ಕುಳಿತಿರುವವರ ಪಕ್ಕಕ್ಕೆ ಹೋಗಿ ಕೂಡಿರಿ. ಕೀರ್ತನೆಯ ಪುಟ ಹುಡುಕಲು ತಡವರಿಸುವವರಿದ್ದರೆ ನಿಮ್ಮ ಪುಸ್ತಕವನ್ನು ತೆರೆದು ನಡುವೆ ಹಿಡಿಯಿರಿ. ಕರೆಯುವ ರೀತಿಯನ್ನೂ ಗಮನಿಸಿರಿ. ಪೌಲನು ತಿಮೊಥೆಗೆ ವೃದ್ಧನನ್ನು ತಂದೆಯೆಂದೂ ವೃದ್ಧ ಸ್ತ್ರೀಯರನ್ನು ತಾಯಂದಿರೆಂದೂ ಎಣಿಸಲು ಹೇಳಿದ್ದಾನೆ. ಡಾಕ್ಟರರನ್ನೂ ಇಂಜಿನಿಯರರನ್ನೂ ಬಹುವಚನದಲ್ಲಿ ಮಾತನಾಡಿಸಿ, ಚರ್ಚಿನ ಗಂಟೆ ಬಾರಿಸಿ ಕಸ ಗುಡಿಸುವ ಹಿರಿಯರನ್ನು "ಏ, ಬಾರೋ ಇಲ್ಲಿ" ಎಂದು ಕೂಗುವ ಬಾಯಿಗೆ ಈ ವಾಕ್ಯ ಇನ್ನೂ ತಲುಪಿಲ್ಲ.

ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೀತಿ ಭೋಜನದ ದಿನ ಸಾಲನ್ನು ನೋಡಿರಿ. ಕೊರಿಂಥದ ಸಭೆಯಲ್ಲಿ ಕೆಲವರು ಮೊದಲೇ ಉಂಡು ಮುಗಿಸಿ, ಉಳಿದವರು ಹಸಿದಿರುತ್ತಿದ್ದರೆಂದು ಪೌಲನು ಗದರಿಸಿದ್ದು ಕರ್ತನ ಭೋಜನದ ವಿಷಯ ಬರೆಯುವಾಗಲೇ. ಭಾನುವಾರವೂ ಕೂಲಿಗೆ ಹೋಗಿ ತಡವಾಗಿ ಬರುವವರು, ಆಸ್ಪತ್ರೆಯ ಪಾಳಿ ಮುಗಿಸಿ ಬರುವ ನರ್ಸುಗಳು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅವರ ಪಾಲನ್ನು ಮೊದಲೇ ತೆಗೆದಿಡಬೇಕು. ವೃದ್ಧರಿಗೂ ಚಿಕ್ಕ ಮಕ್ಕಳ ತಾಯಂದಿರಿಗೂ ಕುಳಿತಲ್ಲಿಗೇ ಬಡಿಸಬೇಕು. ಸಭಾಪಾಲಕರೂ ಕಮಿಟಿಯವರೂ ಕೊನೆಗೆ ಉಣ್ಣಬೇಕು. ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜಿನಲ್ಲಿಯೂ ಹೀಗೆಯೇ: ದೊಡ್ಡ ಮೊತ್ತಕ್ಕೆ ಕೂಗುವವರ ಹೆಸರನ್ನು ಮೈಕಿನಲ್ಲಿ ಹೇಳುವ ನಾವು, ಹಿತ್ತಲಿನ ನಾಲ್ಕು ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿ ತಂದವರನ್ನೂ ಅಷ್ಟೇ ಗೌರವದಿಂದ ಹೆಸರು ಹಿಡಿದು ನೆನೆಯಬೇಕು.

ಕಾಯಿಲೆಯ ಮನೆ, ಸಾವಿನ ಮನೆ

ಆಸ್ಪತ್ರೆಗೆ ಹೋಗುವವರು ಮೊದಲು ರೋಗಿಯ ಮನೆಯವರಿಗೆ ಫೋನ್ ಮಾಡಿ ಯಾವ ಹೊತ್ತು ಅನುಕೂಲವೆಂದು ಕೇಳಬೇಕು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂಡಬಾರದು. ಅದೇ ಕಾಯಿಲೆಯಿಂದ ತೀರಿಹೋದ ತಮ್ಮ ನೆಂಟರ ಕಥೆಯನ್ನು ಅಲ್ಲಿ ಹೇಳಬಾರದು. ಇದನ್ನು ಬರೆಯುವ ಅಗತ್ಯವಿರಬಾರದಿತ್ತು, ಆದರೆ ನಾನೇ ಹಲವು ಸಲ ಕಿವಿಯಾರೆ ಕೇಳಿದ್ದೇನೆ. ಪ್ರಾರ್ಥನೆಯನ್ನು ಹಾಸಿಗೆಯ ಬಳಿ ಮೆಲುದನಿಯಲ್ಲಿ, ಚಿಕ್ಕದಾಗಿ ಮಾಡಿರಿ, ಏಕೆಂದರೆ ಪಕ್ಕದ ಹಾಸಿಗೆಯಲ್ಲಿಯೂ ನೋವಿನಲ್ಲಿರುವ ಮನುಷ್ಯರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ರೋಗಿಯ ಜೊತೆಗಿರುವವರ ಕಡೆ ನೋಡಿರಿ. ಮೂರು ರಾತ್ರಿ ಕುರ್ಚಿಯಲ್ಲೇ ಕುಳಿತು ನಿದ್ದೆಗೆಟ್ಟ ಮಗಳಿಗೆ ಬೇಕಾಗಿರುವುದು ಒಂದು ಡಜನ್ ಬಾಳೆಹಣ್ಣಲ್ಲ. "ಈ ರಾತ್ರಿ ನಾನು ಇರುತ್ತೇನೆ, ನೀನು ಮನೆಗೆ ಹೋಗಿ ಮಲಗು" ಎನ್ನುವ ಒಬ್ಬ ಅಕ್ಕ. ನಮ್ಮ ಸ್ತ್ರೀಯರ ಕೂಟದವರು ಹೀಗೆ ಸರದಿಯಲ್ಲಿ ರಾತ್ರಿ ಉಳಿದ ಸಂದರ್ಭಗಳನ್ನು ಆ ಮನೆಯವರು ಇಂದಿಗೂ ಹೇಳುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಎರಡು ವಾರಗಳೂ ಕಷ್ಟದ ಕಾಲವೇ. ಆಗ ಮಧ್ಯಾಹ್ನದ ಊಟದ ಡಬ್ಬಿಯನ್ನು ದಿನಕ್ಕೊಂದು ಮನೆಯಂತೆ ಹಂಚಿಕೊಳ್ಳಿರಿ, ಪಥ್ಯವೇನೆಂದು ಕೇಳಿ ಅಡುಗೆ ಮಾಡಿರಿ.

ಸಾವಿನ ಮನೆಯಲ್ಲಿ ಮಾತು ಕಡಿಮೆಯಿರಲಿ. ಯೋಬನ ಮೂವರು ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಷ್ಟು ಹೊತ್ತು ಅವರು ಒಳ್ಳೆಯ ಸ್ನೇಹಿತರಾಗಿದ್ದರು, ಬಾಯಿ ತೆರೆದು ಕಾರಣ ವಿವರಿಸಲು ಹೊರಟಾಗ ಅವನ ಗಾಯಕ್ಕೆ ಉಪ್ಪು ಸವರಿದರು. ಮಗುವನ್ನು ಕಳೆದುಕೊಂಡ ತಾಯಿಗೆ "ಕರ್ತನಿಗೆ ಬೇಕಾಗಿತ್ತು, ಕರೆದುಕೊಂಡ" ಎಂದು ಹೇಳಬೇಡಿರಿ. ಅಳುವವರ ಸಂಗಡ ಅಳಿರಿ ಎಂದಷ್ಟೇ ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಮಾಡುವ ಕೆಲಸಗಳಾದರೋ ಬೇಕಾದಷ್ಟಿವೆ: ಶವಪೆಟ್ಟಿಗೆ ತರುವುದು, ಸಮಾಧಿ ಭೂಮಿಯಲ್ಲಿ ಗುಂಡಿ ತೋಡಿಸುವುದು, ದೂರದೂರಿಂದ ಬರುವವರನ್ನು ನಿಲ್ದಾಣದಿಂದ ಕರೆತರುವುದು, ಬಂದವರಿಗೆ ಚಹಾ ಮತ್ತು ಮನೆಯ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ.

ಸಮಾಧಿಯಾದ ಮೇಲೆ ನಾವು ಚದುರಿಹೋಗುತ್ತೇವೆ, ನಿಜವಾದ ಒಂಟಿತನ ಆಗ ಆರಂಭವಾಗುತ್ತದೆ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿ ಮರಣ ಪ್ರಮಾಣಪತ್ರ ಪಡೆಯಬೇಕು. ಬ್ಯಾಂಕ್ ಖಾತೆ, ವಿಮೆ, ಪಿಂಚಣಿ, ರೇಷನ್ ಕಾರ್ಡು ಎಲ್ಲಕ್ಕೂ ಅದೇ ಆಧಾರ. ಗಂಡನೇ ಕಚೇರಿ ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮನೆಯ ಹೆಂಗಸು ಈ ಕಾಗದಗಳ ಮುಂದೆ ದಿಕ್ಕುಗಾಣದೆ ಕೂಡುತ್ತಾಳೆ. ಸಭೆಯಲ್ಲಿ ನಿವೃತ್ತ ಗುಮಾಸ್ತರು, ಬ್ಯಾಂಕಿನವರು, ಶಿಕ್ಷಕರು ಇದ್ದೇ ಇರುತ್ತಾರೆ. ಅವರಲ್ಲೊಬ್ಬರು ಆಕೆಯ ಜೊತೆ ಬ್ಯಾಂಕಿಗೂ ವಿಧವಾ ವೇತನದ ಅರ್ಜಿಗಾಗಿ ನಾಡಕಚೇರಿಗೂ ಹೋಗಿಬಂದರೆ ಅದು ನೂರು ಸಾಂತ್ವನ ವಾಕ್ಯಗಳಿಗೆ ಸಮ. ಮೊದಲ ಕ್ರಿಸ್ಮಸ್, ಮದುವೆಯ ವಾರ್ಷಿಕ ದಿನ, ತೀರಿಹೋದವರ ಹುಟ್ಟುಹಬ್ಬ, ಈ ತಾರೀಖುಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಆ ದಿನ ಬಾಗಿಲು ತಟ್ಟಿರಿ.

ಹಣದ ಸಹಾಯ

ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯಾನನು ಸುಮಾರು ಕ್ರಿ.ಶ. 197ರಲ್ಲಿ ಬರೆದಂತೆ, ಅಂದಿನ ಕ್ರೈಸ್ತರು ತಿಂಗಳಿಗೊಮ್ಮೆ ತಮ್ಮ ಶಕ್ತಿಯಿದ್ದಷ್ಟನ್ನು, ಇಷ್ಟವಿದ್ದರೆ ಮಾತ್ರ, ಪೆಟ್ಟಿಗೆಗೆ ಹಾಕುತ್ತಿದ್ದರು. ಆ ಹಣ ಔತಣಗಳಿಗಲ್ಲದೆ ಬಡವರ ಅನ್ನಕ್ಕೂ ಅವರ ಶವಸಂಸ್ಕಾರಕ್ಕೂ, ತಂದೆತಾಯಿ ಇಲ್ಲದ ಮಕ್ಕಳಿಗೂ, ಮನೆಯಿಂದ ಹೊರಬರಲಾಗದ ವೃದ್ಧರಿಗೂ ಖರ್ಚಾಗುತ್ತಿತ್ತು. "ನೋಡಿರಿ, ಇವರು ಒಬ್ಬರನ್ನೊಬ್ಬರು ಹೇಗೆ ಪ್ರೀತಿಸುತ್ತಾರೆ" ಎಂದು ಹೊರಗಿನವರು ಆಡಿಕೊಳ್ಳುತ್ತಿದ್ದರೆಂದು ಅವನು ಹೇಳುವುದು ಈ ಪೆಟ್ಟಿಗೆಯ ವಿಷಯದ ಬೆನ್ನಿಗೇ. ನಿಮ್ಮ ಸಭೆಯ ವಾರ್ಷಿಕ ಲೆಕ್ಕಪತ್ರ ಕೈಗೆ ಬಂದಾಗ ಬಣ್ಣ ಬಳಿಯುವುದಕ್ಕೆ, ಧ್ವನಿವರ್ಧಕಕ್ಕೆ, ಹಬ್ಬದ ಶಾಮಿಯಾನಕ್ಕೆ ಎಷ್ಟು, ಬಡವರ ನಿಧಿಗೆ ಎಷ್ಟು ಎಂದು ನೋಡಿರಿ, ಸಭೆಯ ಸಾಮಾನ್ಯ ಕೂಟದಲ್ಲಿ ಎದ್ದು ನಿಂತು ಕೇಳಿರಿ.

ಕೊಡುವ ರೀತಿ ಕೊಡುವುದರಷ್ಟೇ ಮುಖ್ಯ. ಶಾಲೆಯ ಶುಲ್ಕ ಕಟ್ಟಲಾಗದ ಮನೆಯವರನ್ನು ಅಕ್ಕಿಚೀಲದ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ, ಅವರ ಮಗಳು ಮುಂದಿನ ವಾರ ಸಂಡೇ ಸ್ಕೂಲಿನಲ್ಲಿ ತಲೆ ಎತ್ತಲಾರಳು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಹೇಳಿದ್ದು ಪಡೆಯುವವರ ಮಾನವನ್ನೂ ಕಾಯುತ್ತದೆ. ಸಹಾಯದ ನಿಧಿಯನ್ನು ಇಬ್ಬರು ಮೂವರು ಮಾತ್ರ ನೋಡಿಕೊಳ್ಳಲಿ. ಲೆಕ್ಕದಲ್ಲಿ ಮೊತ್ತ ಕಾಣಲಿ, ಹೆಸರು ಕಾಣದಿರಲಿ. ಸಾಧ್ಯವಾದಾಗ ಶುಲ್ಕವನ್ನು ನೇರವಾಗಿ ಶಾಲೆಗೂ ಔಷಧಿಯ ಹಣವನ್ನು ಅಂಗಡಿಗೂ ಕಟ್ಟಿಬಿಡಿರಿ. ಸಾಲವೆಂದು ಕೊಟ್ಟು ಆಮೇಲೆ ಆರಾಧನೆಯಲ್ಲಿ ಮುಖ ತಪ್ಪಿಸಿಕೊಳ್ಳುವ ಸ್ಥಿತಿಗೆ ಇಬ್ಬರನ್ನೂ ತಳ್ಳುವುದಕ್ಕಿಂತ, ಕೈಲಾದಷ್ಟನ್ನು ದಾನವಾಗಿ ಕೊಟ್ಟು ಮರೆಯುವುದು ಲೇಸು. ಕೆಲಸ ಕೊಡಿಸಲು ನಿಮ್ಮಿಂದಾಗುವುದಾದರೆ ಅದು ದಾನಕ್ಕಿಂತಲೂ ಹಿರಿದು.

ನಾಲಿಗೆ ಮತ್ತು ಜಗಳ

ಒಬ್ಬರ ಮನೆಯ ಗುಟ್ಟು ಸಭೆಯಲ್ಲಿ ಹರಡುವುದು ಹೆಚ್ಚಾಗಿ ಪ್ರಾರ್ಥನಾ ವಿಷಯದ ರೂಪದಲ್ಲಿ. "ಅವರ ಮಗ ಮನೆ ಬಿಟ್ಟು ಹೋಗಿದ್ದಾನಂತೆ, ಪ್ರಾರ್ಥನೆ ಮಾಡಿ" ಎಂದು ಒಬ್ಬರು ಹೇಳಿದ್ದು ಸಂಜೆಯೊಳಗೆ ಹತ್ತು ಮನೆ ಸುತ್ತಿ ಬಂದಿರುತ್ತದೆ, ಆದರೆ ಅಷ್ಟು ಮನೆಗಳಲ್ಲಿ ನಿಜವಾಗಿ ಮೊಣಕಾಲೂರಿದವರು ಎಷ್ಟು ಜನ ಎಂದು ಕರ್ತನಿಗೇ ಗೊತ್ತು. ಆದ್ದರಿಂದ ಯಾರ ವಿಷಯವನ್ನಾದರೂ ಮನೆಕೂಟದಲ್ಲಿ ಹೇಳುವ ಮೊದಲು ಅವರನ್ನೇ ಕೇಳಿರಿ: "ಇದನ್ನು ಕೂಟದಲ್ಲಿ ಹೇಳಬಹುದೇ? ಎಷ್ಟು ಹೇಳಬಹುದು?" ಒಪ್ಪದಿದ್ದರೆ ನಿಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ನೀವೊಬ್ಬರೇ ಪ್ರಾರ್ಥಿಸಿರಿ. ಮದುವೆಯಾಗದವರಿಗೆ, ಮಕ್ಕಳಿಲ್ಲದವರಿಗೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗರಿಗೆ ಪ್ರತಿ ಭಾನುವಾರವೂ ಅದೇ ಪ್ರಶ್ನೆ ಕೇಳುವುದನ್ನು ಬಿಡುವುದೂ ಪ್ರೀತಿಯ ಕೆಲಸವೇ.

ಜಗಳವಿಲ್ಲದ ಸಭೆಯನ್ನು ನಾನು ಕಂಡಿಲ್ಲ. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಚುನಾವಣೆ, ಗಾಯಕರ ತಂಡದಲ್ಲಿ ಹಾಡುವ ಅವಕಾಶ, ಎಂದೋ ಆಡಿದ ಒಂದು ಮಾತು, ಇವು ವರ್ಷಗಟ್ಟಲೆ ಎರಡು ಮನೆಗಳ ನಡುವೆ ಗೋಡೆಯಾಗಿ ನಿಲ್ಲುತ್ತವೆ. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಕೊಟ್ಟ ಕ್ರಮ ಸ್ಪಷ್ಟವಾಗಿದೆ: ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಮಾತನಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ಎಲ್ಲರಿಗೂ ಹೇಳಿ, ಕೊನೆಗೂ ಆ ಮನುಷ್ಯನಿಗೆ ಹೇಳದೆ ಬಿಡುತ್ತೇವೆ. ಮಾತನಾಡಲು ಹೋಗುವಾಗ ಫೋನ್ ಬೇಡ, ಬರಹದ ಸಂದೇಶವಂತೂ ಖಂಡಿತ ಬೇಡ. ಅವರ ಮನೆಗೇ ಹೋಗಿ. "ನೀವು ಯಾವಾಗಲೂ ಹೀಗೆಯೇ" ಎಂದು ಶುರುಮಾಡದೆ, "ಆ ದಿನ ನೀವು ಹೀಗೆಂದಾಗ ನನಗೆ ನೋವಾಯಿತು" ಎಂದು ಒಂದೇ ಸಂಗತಿಯನ್ನು ಹೇಳಿ. ನಿಮ್ಮ ತಪ್ಪಿದ್ದರೆ "ಆದರೆ" ಎಂಬ ಪದವಿಲ್ಲದೆ ಕ್ಷಮೆ ಕೇಳಿ.

1947ರ ಸೆಪ್ಟೆಂಬರ್ 27ರಂದು ಬೇರೆಬೇರೆ ಸಂಪ್ರದಾಯದ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿದ ಮೇಲೆ ರೂಪಿಸಿದ ಕರ್ತನ ಭೋಜನದ ಆರಾಧನಾ ಕ್ರಮದಲ್ಲಿ, ಕಾಣಿಕೆ ಅರ್ಪಿಸುವುದಕ್ಕೆ ಮೊದಲು ಒಬ್ಬರ ಅಂಗೈಗಳನ್ನು ಇನ್ನೊಬ್ಬರು ತಮ್ಮ ಅಂಗೈಗಳ ನಡುವೆ ಹಿಡಿದು ಸಮಾಧಾನವನ್ನು ದಾಟಿಸುವ ಪದ್ಧತಿ ಬಂದಿತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯನ ಐದನೆಯ ಅಧ್ಯಾಯದ ಮಾತು ಅಲ್ಲಿ ಕೈಯ ಚಲನೆಯಾಗಿದೆ. ಪಕ್ಕದಲ್ಲಿರುವ ಸ್ನೇಹಿತರಿಗೆ ಮಾತ್ರ ಕೈಕೊಟ್ಟು ಆ ಕ್ಷಣವನ್ನು ಕಳೆಯಬೇಡಿರಿ. ಯಾರ ಮುಖ ನೋಡಲು ನಿಮಗೆ ಕಷ್ಟವೋ ಅವರ ಬಳಿಗೆ ನಾಲ್ಕು ಹೆಜ್ಜೆ ನಡೆದುಹೋಗಿರಿ. ಮಾತು ಬಾರದಿದ್ದರೂ ಅಂಗೈ ಸಾಕು.

ಮುಚ್ಚಿಡಬಾರದ್ದು

ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ ಎಂಬ ವಾಕ್ಯವನ್ನು ಗಂಡನ ಏಟು ತಿನ್ನುವ ಹೆಂಗಸಿಗೆ ಉಪದೇಶವಾಗಿ ಹೇಳುವುದು ಆ ವಾಕ್ಯಕ್ಕೆ ಮಾಡುವ ದ್ರೋಹ. ಅಂಥವಳು ನಿಮ್ಮ ಬಳಿ ಬಂದರೆ ಮೊದಲು ನಂಬಿರಿ, ಅಂದು ರಾತ್ರಿ ಸುರಕ್ಷಿತವಾಗಿರಲು ಜಾಗ ಕೊಡಿರಿ, ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ತುರ್ತಿದ್ದರೆ 112ಕ್ಕೆ ಕರೆಮಾಡಲು ಜೊತೆಯಾಗಿರಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ ಸಭೆಯ ಮಾನ ಹೋಗುತ್ತದೆಂದು ಒಳಗೊಳಗೇ ರಾಜಿ ಮಾಡಿಸಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಆರೋಪಿ ಎಷ್ಟೇ ದೊಡ್ಡ ಸ್ಥಾನದವರಾಗಿರಲಿ, ಸಭೆಯ ಪ್ರೀತಿ ಮೊದಲು ಚಿಕ್ಕವರ ಪಕ್ಕದಲ್ಲಿ ನಿಲ್ಲಬೇಕು.

ಸಭಾಪಾಲಕರ ಮನೆ, ಮತ್ತು ನಮ್ಮ ಮನೆ

ಎಲ್ಲರನ್ನೂ ವಿಚಾರಿಸುವ ಸಭಾಪಾಲಕರನ್ನು ವಿಚಾರಿಸುವವರು ಕಡಿಮೆ. ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಬರುವ ಆ ಕುಟುಂಬದ ಮಕ್ಕಳಿಗೆ ಪ್ರತಿ ಸಲವೂ ಹೊಸ ಶಾಲೆ, ಹೊಸ ಗೆಳೆಯರು. ಅಮ್ಮನವರಿಗೆ, ಅಂದರೆ ಸಭಾಪಾಲಕರ ಹೆಂಡತಿಗೆ, ಮನಸ್ಸು ಬಿಚ್ಚಿ ಮಾತನಾಡಲು ಆ ಊರಿನಲ್ಲಿ ಯಾರೂ ಇರುವುದಿಲ್ಲ. ಸಭೆಯ ಕೆಲಸದ ಮಾತೇ ಇಲ್ಲದ ಒಂದು ಊಟಕ್ಕೆ ಅವರನ್ನು ಕರೆಯಿರಿ. ವಾರದಲ್ಲಿ ಅವರಿಗಿರುವ ಒಂದು ಬಿಡುವಿನ ದಿನ ಫೋನ್ ಮಾಡಬೇಡಿರಿ.

ಕೊನೆಯದಾಗಿ, ಸೇವೆ ಮಾಡುವುದರಲ್ಲಿ ಮುಂದಿರುವ ಅನೇಕರು ಸೇವೆ ಪಡೆಯುವುದರಲ್ಲಿ ಹಿಂಜರಿಯುತ್ತಾರೆ. ನಾನೂ ಅವರಲ್ಲೊಬ್ಬ. ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ಮಲಗಿದ್ದ ತಿಂಗಳಲ್ಲಿ ಯಾರು ಕೇಳಿದರೂ "ಏನೂ ಬೇಡ, ಎಲ್ಲ ಇದೆ" ಎನ್ನುತ್ತಿದ್ದೆ. ಆಗ ಅದೇ ಅಜ್ಜಿ ಕೋಲೂರಿಕೊಂಡು ಆಟೋದಲ್ಲಿ ಬಂದು, ಸ್ಟೀಲಿನ ಡಬ್ಬಿಯಲ್ಲಿ ತಂದಿದ್ದ ರವೆಗಂಜಿಯನ್ನು ಬಟ್ಟಲಿಗೆ ಸುರಿದು, ನನ್ನ ಮುಂದೆ ಕುಳಿತರು. ಬೇಡವೆಂದೆ. "ನನ್ನ ಪಾದಗಳನ್ನು ಎಂದಿಗೂ ತೊಳೆಯಕೂಡದು ಅಂತ ಪೇತ್ರನೂ ಹಿಂಗ ಅಂದಿದ್ದನಲ್ಲಪ್ಪಾ, ಕರ್ತ ಏನಂದ?" ಎಂದು ಕೇಳಿ ಚಮಚವನ್ನು ಕೈಗಿತ್ತರು. ನಾನು ನಿನ್ನನ್ನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂಬುದು ಯೇಸು ಶಿಷ್ಯನಾದ ಪೇತ್ರನಿಗೆ ಕೊಟ್ಟ ಉತ್ತರ. ಯಾರಾದರೂ ನಿಮ್ಮ ಬಾಗಿಲಿಗೆ ಬಂದು ಏನು ಬೇಕೆಂದು ಕೇಳಿದಾಗ ನಿಜವಾಗಿಯೂ ಬೇಕಾಗಿರುವ ಒಂದು ವಸ್ತುವನ್ನು ಹೇಳಿರಿ: ಔಷಧಿಯಂಗಡಿಗೆ ಹೋಗಿಬರಬೇಕು, ಹಾಲು ತರಬೇಕು, ಮಗನನ್ನು ಶಾಲೆಯಿಂದ ಕರೆತರಬೇಕು. ಅವರು ಹೋಗಿ ತರಲಿ.